ಬೆನ್ನ ಮೇಲಿನ ಜೇಬು

ಮನೆಯವರು, ಬೀದಿಯವರು ಎಲ್ಲರೂ ಅವಳನ್ನು ಕಾಜಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಅದೇ ಸ್ಟೂಲಿನ ಮೇಲೆ ಕೂತು, ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕಿದವಳು. ಗುಂಡಿ ತೂರುವ ಆ ಚಿಕ್ಕ ಸೀಳಿನ ಸುತ್ತ ದಾರ ಕಟ್ಟುವುದೇ ಕಾಜಾ. ಅಂಗಿ ಕತ್ತರಿಸಿದ ಮಾಸ್ಟರಿಗೆ ಹೆಸರು ಬರುತ್ತದೆ, ತೊಟ್ಟವರಿಗೆ ಅಂದ ಬರುತ್ತದೆ, ಕಾಜಾದ ಕಡೆ ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ಅದು ಕಿತ್ತು ಬಂದ ದಿನ ಮಾತ್ರ ಎಲ್ಲರಿಗೂ ನೆನಪಾಗುತ್ತದೆ. ಕಾಜಮ್ಮ ಹೊಲಿದ ಕಾಜಾ ಇದುವರೆಗೆ ಒಂದೂ ಕಿತ್ತು ಬಂದಿಲ್ಲ. ಹಾಗಂತ ಅವಳೇ ಹೇಳುತ್ತಾಳೆ, ನಾವು ನಂಬೋಣ.

ಕೆಲಸ ಬಿಟ್ಟ ಮೇಲೆ ಕಾಲಿಗೆ ವಿಶ್ರಾಂತಿ ಸಿಕ್ಕಿತೇ ಹೊರತು ಕೈಗೆ ಸಿಗಲಿಲ್ಲ. ಮಗಳಿಗೆ ಮೊದಲ ಮಗು ಹುಟ್ಟಿದಾಗ ಒಂದು ಕೌದಿ ಹೊಲಿದಳು, ಎರಡನೆಯದು ಹುಟ್ಟಿದಾಗ ಇನ್ನೊಂದು. ಹಳೆಯ ಬಟ್ಟೆಗಳ ತುಂಡುಗಳನ್ನು ಹಳೆಯ ಬೆಡ್‌ಶೀಟಿನ ಮೇಲೆ ಜೋಡಿಸಿ, ಅಂಚಿನಿಂದ ಶುರು ಮಾಡಿ, ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕುತ್ತ, ಸುತ್ತು ಬರುತ್ತ ಬರುತ್ತ ನಡುವಿಗೆ ಬಂದು ಮುಟ್ಟುವುದು ಅವಳ ಕ್ರಮ. ಈ ಕೆಲಸಕ್ಕೆ ಅವಳದೇ ಕಾನೂನುಗಳಿದ್ದವು. ಹೊಸ ಬಟ್ಟೆಗೆ ಜಾಗವಿಲ್ಲ. ಮನೆಯವರು ತೊಟ್ಟು, ಒಗೆದು, ಸವೆಸಿ, ಹದಕ್ಕೆ ಬಂದ ಬಟ್ಟೆಯೇ ಆಗಬೇಕು. ಯಾರ ಬಟ್ಟೆಯೋ ಅವರು ತಮ್ಮ ತುಂಡಿನ ಮೇಲೆ ನಾಲ್ಕು ಹೊಲಿಗೆಯನ್ನಾದರೂ ಹಾಕಲೇಬೇಕು. ಸೂಜಿ ಹಿಡಿಯಲು ಬರುವುದಿಲ್ಲ ಎಂದರೆ ಬಿಡುವವಳಲ್ಲ. ಅವಳ ಗಂಡ ಬಸ್ ಕಂಡಕ್ಟರಾಗಿದ್ದವರು. ಅವರು ಹಾಕಿದ ಹೊಲಿಗೆಗಳು ಎರಡೂ ಕೌದಿಗಳಲ್ಲಿ ದೂರದಿಂದಲೇ ಗೊತ್ತಾಗುತ್ತವೆ, ಎಕ್ಸ್‌ಪ್ರೆಸ್ ಬಸ್ಸಿನ ಸ್ಟಾಪುಗಳ ಹಾಗೆ ಅಲ್ಲೊಂದು ಇಲ್ಲೊಂದು.

ನಟ್ಟನಡುವಿನ ತುಂಡು ಮಾತ್ರ ಮಗುವಿನದೇ ಬಟ್ಟೆಯಿಂದ ಬರಬೇಕು. ಅದನ್ನು ಕೂಡಿಸಿ ಮುಗಿಸುವವರೆಗೆ ಮಗುವಿಗೆ ಸುಳಿವು ಸಿಗಬಾರದು. ಹಸುಗೂಸಿಗೆ ಏನು ಸುಳಿವು ಸಿಗುತ್ತದೆ ಎಂದು ನೀವು ಕೇಳಬಹುದು. ಕಂಡಕ್ಟರೂ ಕೇಳಿದ್ದರು. ಆದರೂ ಕಾಜಮ್ಮ ತೊಟ್ಟಿಲಿನ ಕಡೆ ಬೆನ್ನು ತಿರುಗಿಸಿ ಕೂತೇ ಹೊಲಿದಿದ್ದಳು.

ಮೂರನೆಯ ಮೊಮ್ಮಗಳು ಮನೆಗೆ ಬಂದದ್ದು ಒಂಬತ್ತು ವರ್ಷದವಳಾಗಿ, ಅದೂ ಲಿಫ್ಟಿನ ದೆಸೆಯಿಂದ. ಕಾಜಮ್ಮನ ಮಗ ಲಿಫ್ಟ್ ರಿಪೇರಿ ಮಾಡುವವನು. ಒಂದು ದಿನ ಯಾವುದೋ ಕಟ್ಟಡದಲ್ಲಿ ನಿಂತುಹೋದ ಲಿಫ್ಟ್ ಬಿಡಿಸಲು ಹೋದ. ಒಳಗೆ ಸಿಕ್ಕಿಕೊಂಡಿದ್ದವಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ಬಾಗಿಲ ಸಂದಿಯಿಂದ ಧೈರ್ಯ ಹೇಳುತ್ತ ಹೇಳುತ್ತ ನಲವತ್ತು ನಿಮಿಷವಾಯಿತು. ಹತ್ತು ನಿಮಿಷದ ಕೆಲಸ ಅದು ಎಂದು ಅವನ ಜೊತೆಯವನು ಆಮೇಲೆ ಬಾಯಿಬಿಟ್ಟ. ಅದಾಗಿ ಒಂದು ವರ್ಷಕ್ಕೆ ಮದುವೆಯಾಯಿತು. ಸೊಸೆ ಹನ್ನೊಂದು ರಟ್ಟಿನ ಪೆಟ್ಟಿಗೆ, ಒಬ್ಬಳು ಮಗಳೊಂದಿಗೆ ಈ ಮೂರು ಕೋಣೆಯ ಮನೆಗೆ ಬಂದಳು.

ಹುಡುಗಿ ಫುಟ್‌ಬಾಲಿನಲ್ಲಿ ಗೋಲ್ ಕಾಯುವವಳು. ಶಾಲೆಯ ತಂಡದವರು ಗೋಲಿ ಎನ್ನುತ್ತಿದ್ದರು, ಮನೆಯಲ್ಲೂ ಅದೇ ಹೆಸರು ನಿಂತಿತು. ಒಳ್ಳೆಯ ಮಗು. ತಟ್ಟೆ ತಾನೇ ತೊಳೆದಿಡುವಳು, ಚಪ್ಪಲಿ ಜೋಡಿಸಿಡುವಳು, ಕೇಳದೆ ಏನನ್ನೂ ಮುಟ್ಟಳು. ಕಾಜಮ್ಮನಿಗೆ ಅದೇ ಸಂಕಟ. ಯಾವ ಮನೆಯ ಮಗು ಸ್ವಂತ ಮನೆಯಲ್ಲಿ ಅಷ್ಟು ಒಳ್ಳೆಯದಾಗಿರುತ್ತದೆ? ಅದಕ್ಕಿಂತ ದೊಡ್ಡ ಸಂಕಟ, ಹುಡುಗಿ ಅವಳನ್ನು ಕರೆಯುತ್ತಲೇ ಇರಲಿಲ್ಲ. ಆಂಟಿ ಎಂದೂ ಇಲ್ಲ, ಅಜ್ಜಿ ಎಂದೂ ಇಲ್ಲ. ಏನಾದರೂ ಬೇಕಾದರೆ ಹತ್ತಿರ ಬಂದು ನಿಂತು ಒಂದು ಸಲ ಕೆಮ್ಮುತ್ತಿದ್ದಳು. ಕಾಜಮ್ಮ ತಲೆಯೆತ್ತಿದ ಮೇಲೆ ಮಾತು ಶುರು.

"ಇವಳಿಗೆ ಕೆಮ್ಮು ಬಂದಿದೆ, ಡಾಕ್ಟರ್ ಹತ್ರ ಹೋಗೋಣ," ಎಂದು ಮೊದಲ ವಾರ ಕಂಡಕ್ಟರು ಗಾಬರಿಯಾಗಿದ್ದರು.

"ಕೆಮ್ಮಲ್ಲ ರೀ ಅದು. ನನ್ನ ಹೆಸರು," ಎಂದಿದ್ದಳು ಕಾಜಮ್ಮ.

ಮದುವೆಯಾದ ಹೊಸದರಲ್ಲೇ ಶಾಲೆಗೆ ರಜೆ ಬಂತು. ಪ್ರತಿ ರಜೆಯಂತೆ ಮಗಳ ಮಕ್ಕಳಿಬ್ಬರೂ ಅಜ್ಜಿಮನೆಗೆ ಬಂದರು, ಪ್ರತಿ ರಜೆಯಂತೆ ತಮ್ಮ ತಮ್ಮ ಕೌದಿಗಳನ್ನು ಸುರುಳಿ ಸುತ್ತಿ ಹೊತ್ತು ತಂದರು. ಊಟದ ಮೇಜಿನ ಮೇಲೆ ಎರಡೂ ಕೌದಿ ಇಳಿಬಿಟ್ಟು ಕೆಳಗೆ ಡೇರೆ ಮಾಡಿಕೊಂಡು ಕೂತರು. ಗೋಲಿ ಹೊರಗೆ ನಿಂತು ಒಂದು ಖಾಕಿ ತುಂಡನ್ನು ಬೆರಳಲ್ಲಿ ತೋರಿಸಿ, "ಇದು ಯಾರದು?" ಎಂದು ಕೇಳಿದಳು.

ಕೇಳಿದ್ದೇ ತಡ, ಒಳಗಿನಿಂದ ಪಾಠ ಒಪ್ಪಿಸಿದಂತೆ ಶುರುವಾಯಿತು. "ಅದು ತಾತನ ಪ್ಯಾಂಟು. ಇದು ಅಮ್ಮನ ಸ್ಕೂಲ್ ಯೂನಿಫಾರ್ಮು. ಇದು ಮಾಮ ಲಿಫ್ಟ್ ಮೇಲಿಂದ ಬಿದ್ದಾಗ ಹಾಕ್ಕೊಂಡಿದ್ದ ಅಂಗಿ, ಇಲ್ನೋಡು ಗ್ರೀಸ್! ನಡುವೆ ಇರೋದು ನಂದು, ನಾನು ಪಾಪು ಆಗಿದ್ದಾಗಿಂದು."

ಗೋಲಿ ಎಲ್ಲವನ್ನೂ ಕೇಳಿಸಿಕೊಂಡಳು. ಒಳಗೆ ಬಾ ಎಂದು ಅವರು ಕರೆದರೂ, "ನಂಗೆ ಪ್ರಾಕ್ಟೀಸ್ ಇದೆ," ಎಂದು ಚೆಂಡು ತೆಗೆದುಕೊಂಡು ಹೊರಟಳು. ಆ ದಿನ ಪ್ರಾಕ್ಟೀಸ್ ಇರಲಿಲ್ಲ. ಹಿಂದಿನ ಓಣಿಯ ಗೋಡೆಗೆ ಅವಳು ಒಬ್ಬಳೇ ಚೆಂಡು ಒದ್ದು ಒದ್ದು ಹಿಡಿಯುವ ಸದ್ದು ಅಡಿಗೆಮನೆಯಲ್ಲಿದ್ದ ಕಾಜಮ್ಮನಿಗೆ ಒಂದು ಗಂಟೆ ಹೊತ್ತು ಕೇಳಿಸಿತು. ಮುಂದಿನ ರಜೆಗೆ ಆ ಮೇಜಿಗೆ ಮೂರನೆಯ ಕೌದಿ ಇಳಿಬೀಳದಿದ್ದರೆ ನಾನು ಸೂಜಿ ಹಿಡಿದು ಬದುಕಿದ್ದು ದಂಡ ಎಂದುಕೊಂಡಳು.

ರಜೆ ಮುಗಿದ ಮರುದಿನವೇ ಮಂಚದಡಿಯ ಪೆಟ್ಟಿಗೆ ಹೊರಬಂತು. ಗೋಲಿ ಶಾಲೆಗೆ ಹೋದಾಗ ಹೊಲಿಗೆ, ಬರುವ ಹೊತ್ತಿಗೆ ಎಲ್ಲ ಪೆಟ್ಟಿಗೆಗೆ. ಕಂಡಕ್ಟರಿಗೆ ಬಾಲ್ಕನಿಯಲ್ಲಿ ಕಾವಲು ಕೆಲಸ. ಬೀದಿ ತಿರುವಿನಲ್ಲಿ ಹುಡುಗಿಯ ತಲೆ ಕಂಡೊಡನೆ ಅವರು "ಹೋಲ್ಡಾನ್!" ಎಂದು ಕೂಗಬೇಕು, ಕಾಜಮ್ಮ ಸೂಜಿ ಚುಚ್ಚಿ ನಿಲ್ಲಿಸಬೇಕು. ಮಗ ತಾನು ಕೆಲಸಕ್ಕೆ ತೊಡುವ ನೀಲಿ ಡಾಂಗರಿಯಿಂದ ಒಂದು ತುಂಡು ಕೊಟ್ಟು, ನಾಲ್ಕು ಹೊಲಿಗೆ ಹಾಕಿ, ಮೂರು ಸಲ ಬೆರಳು ಚುಚ್ಚಿಕೊಂಡ. ಮಗಳು ಅಂಚೆಯಲ್ಲಿ ತನ್ನದೊಂದು ಹಳೆಯ ಹೂವಿನ ನೈಟಿಯ ತುಂಡು ಕಳಿಸಿದಳು, ಹೊಲಿಗೆ ಅಲ್ಲಿಂದಲೇ ಹಾಕಿ. ಸೊಸೆ ಕನ್ನಡಕದಂಗಡಿಯಲ್ಲಿ ತೊಡುವ ಹಳೆಯ ಬಿಳಿ ಕೋಟನ್ನೇ ತಂದು ಮಡಿಲಲ್ಲಿಟ್ಟಳು.

"ಮಗೂದು ಸಣ್ಣವಳಿದ್ದಾಗಿನ ಬಟ್ಟೆ ಒಂದಿದ್ರೆ ಸಾಕಿತ್ತಮ್ಮ, ನಡುವಿಗೆ," ಎಂದಳು ಕಾಜಮ್ಮ.

ಸೊಸೆಯ ಮುಖ ಸಣ್ಣದಾಯಿತು. "ಒಂದು ಚೀಲ ತುಂಬ ಇತ್ತು ಅತ್ತೆ. ಹಿಂದೆ ಒಂದ್ಸಲ ಮನೆ ಬದಲಾಯಿಸಿದಾಗ ಲಾರೀಲೇ ಉಳೀತು. ಈಗಿರೋದೆಲ್ಲ ಅವಳು ಹಾಕ್ಕೊಳ್ಳೋದೇ. ಅವಳ ಬೀರು ಮಾತ್ರ ಮುಟ್ಬೇಡಿ, ಕಾಲುಚೀಲಾನೂ ಎಣಿಸಿಟ್ಟಿರ್ತಾಳೆ."

"ಬೀರು ಮುಟ್ಟಲ್ಲ," ಎಂದು ಕಾಜಮ್ಮ ಮಾತು ಕೊಟ್ಟಳು. ಆ ಮಾತಿಗೆ ಕೊನೆಯವರೆಗೂ ತಪ್ಪಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುವುದು ನ್ಯಾಯ.

ಎರಡೂವರೆ ತಿಂಗಳಲ್ಲಿ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬಂದು ನಿಂತಿತು. ಅಂಗೈ ಅಗಲದ ಜಾಗವೊಂದು ಬರಿದಾಗಿ ಬಾಯಿ ಬಿಟ್ಟುಕೊಂಡಿತ್ತು. ರಜೆಗೆ ಒಂದು ವಾರ ಉಳಿದಿತ್ತು. ಕಾಜಮ್ಮನಿಗೆ ಊಟ ರುಚಿಸದಾಯಿತು. ಆಗಲೇ ಅವಳ ಕಣ್ಣಿಗೆ ಬಿತ್ತು, ಬಚ್ಚಲಮನೆಯ ಬಾಗಿಲ ಹಿಂದೆ, ನೆಲ ಒರೆಸುವ ಬಟ್ಟೆಯ ಪಕ್ಕದ ಮೊಳೆಯಲ್ಲಿ, ಕೆಸರು ಒಣಗಿ ಹಪ್ಪಳವಾಗಿದ್ದ ಒಂದು ಬಟ್ಟೆ.

ಸೊಸೆ ಮೂರು ತಿಂಗಳ ಹಿಂದೆಯೇ ಅತ್ತೆಯ ಕಣ್ಣು ಪರೀಕ್ಷೆ ಮಾಡಿ ಹೊಸ ಕನ್ನಡಕ ಮಾಡಿಸಿಕೊಟ್ಟಿದ್ದಳು. ಅದು ಬಹಳ ಚೆನ್ನಾಗಿದೆ ಎಂಬ ಕಾರಣಕ್ಕೆ ಕಾಜಮ್ಮ ಅದನ್ನು ಡಬ್ಬಿಯಲ್ಲೇ ಇಟ್ಟಿದ್ದಳು. ಬರಿಗಣ್ಣಲ್ಲಿ ಬಟ್ಟೆಯನ್ನು ನೆನೆಹಾಕಿದಳು. ಮೂರು ನೀರು ಬದಲಾಯಿಸಿದ ಮೇಲೆ ಒಳಗಿನಿಂದ ಹಸಿರು ಬಣ್ಣ ಹೊರಬಂತು. ಅವಳ ಕೈ ನಿಂತಿತು. ಮೊದಲ ದಿನ ಹುಡುಗಿ ಈ ಮನೆಯ ಮೆಟ್ಟಿಲು ಹತ್ತಿ ಬಂದಾಗ ತೊಟ್ಟಿದ್ದುದು ಇದೇ ಅಂಗಿ! ಆಮೇಲೆ ತೊಟ್ಟದ್ದನ್ನು ಕಾಜಮ್ಮ ನೋಡಿಯೇ ಇರಲಿಲ್ಲ. ತೋಳು ತೂತು ಬಿದ್ದಿದೆ, ಒರೆಸುವ ಬಟ್ಟೆಯ ಜೊತೆ ನೇತುಬಿದ್ದಿದೆ. ಅಂದರೆ ಹುಡುಗಿ ಅದನ್ನು ಕೈಬಿಟ್ಟಿದ್ದಾಳೆ. ಒಣಗಿದ ಮೇಲೆ ಕೆನ್ನೆಗೆ ಒತ್ತಿ ನೋಡಿದಳು. ಎಂಥ ಹದ! ವರ್ಷಗಟ್ಟಲೆ ಸವೆದು ಬೆಣ್ಣೆಯಂತಾಗಿತ್ತು. ಈ ಮನೆಗೆ ತೊಟ್ಟು ಬಂದ ಬಟ್ಟೆಗಿಂತ ನಡುವಿಗೆ ಇನ್ನೇನು ಬೇಕು? ಶುಕ್ರವಾರ ಮಧ್ಯಾಹ್ನ, ಬೆನ್ನಿನ ಕಡೆಯಿಂದ ಅಂಗೈ ಅಗಲದ ಚೌಕವೊಂದನ್ನು ನೂಲು ಹಿಡಿದಂತೆ ಕತ್ತರಿಸಿದಳು. ಉಳಿದದ್ದನ್ನು ಗಂಡನ ಕಡೆ ಎಸೆದು, "ಫ್ಯಾನ್ ಒರೆಸಿ ರೀ, ನಾಳೆ ಮಕ್ಕಳು ಬರ್ತಾರೆ," ಎಂದಳು.

ನಾಲ್ಕು ಗಂಟೆಗೆ ಗೋಲಿ ಬಂದಳು. ಕಾವಲುಗಾರರು ಸ್ಟೂಲಿನ ಮೇಲಿದ್ದುದರಿಂದ "ಹೋಲ್ಡಾನ್" ಕೂಗುವವರು ಯಾರೂ ಇರಲಿಲ್ಲ. ಬಾಗಿಲಲ್ಲೇ ಅವಳ ಕೈಯಿಂದ ಬ್ಯಾಗು ಜಾರಿತು.

"ಅದು ನನ್ನ ಜರ್ಸಿ."

"ಯಾವುದು? ಇದಾ?" ಕಂಡಕ್ಟರು ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದರು. "ಇದು ಒರೆಸೋ ಬಟ್ಟೆ ಪುಟ್ಟಿ."

"ಅದು ನನ್ನ ಜರ್ಸಿ. ನಾಳೆ ಮ್ಯಾಚಿದೆ." ಅಷ್ಟರಲ್ಲಿ ಅವಳಿಗೆ ಬೆನ್ನಿನ ತೂತು ಕಂಡಿತು, ಆಮೇಲೆ ಹಸಿರು ಬಣ್ಣ ಕಂಡಿತು. "ಇದನ್ನ ಒಗೆದ್ರಾ?"

"ಮೂರು ನೀರಲ್ಲಿ," ಎಂದಳು ಕಾಜಮ್ಮ, ಅದರಿಂದ ಏನೋ ಸಮಾಧಾನವಾಗುತ್ತದೆ ಎಂಬಂತೆ.

"ಒಗೆದೂ ಬಿಟ್ರಾ! ಗೆಲ್ತಾ ಇರೋವಾಗ ಒಗೀಬಾರ್ದು, ಅದೃಷ್ಟ ಹೋಗ್ಬಿಡತ್ತೆ! ಅದಕ್ಕೇ ಅಲ್ಲಿ ನೇತುಹಾಕಿದ್ದೆ, ಯಾರೂ ಮುಟ್ಟಲ್ಲ ಅಂತ!"

ಕತ್ತರಿಸಿದ್ದಕ್ಕಿಂತ ಒಗೆದದ್ದೇ ದೊಡ್ಡ ಅಪರಾಧವಾಗಿತ್ತು. ಹಳೆಯ ಶಾಲೆಯಲ್ಲಿ ಅವಳಿಗಿಂತ ಮುಂಚೆ ಗೋಲ್ ಕಾಯುತ್ತಿದ್ದ ಅಕ್ಕ ಒಬ್ಬಳು ಶಾಲೆ ಬಿಡುವಾಗ ತನ್ನ ಜರ್ಸಿಯನ್ನು ಇವಳಿಗೆ ಕೊಟ್ಟಿದ್ದಳು. ತೋಳು ಬೆರಳು ದಾಟುತ್ತಿತ್ತು, ಅಂಚು ಮಂಡಿ ಮುಟ್ಟುತ್ತಿತ್ತು, ಆದರೂ ಮ್ಯಾಚಿಗೆ ಅದೇ. ಹೊಸ ಶಾಲೆಯಲ್ಲಿ ಆಡಿದ ಮೂರು ಮ್ಯಾಚಿನಲ್ಲಿ ಒಂದನ್ನೂ ಸೋತಿರಲಿಲ್ಲ. ಇದೆಲ್ಲ ಬಿಕ್ಕುಗಳ ನಡುವೆ ತುಂಡು ತುಂಡಾಗಿ ಹೊರಬಂತು. ಆಮೇಲೆ ಅವಳು ಅಳು ನಿಲ್ಲಿಸಿ, ದೊಡ್ಡವರ ಹಾಗೆ ಮೆಲ್ಲಗೆ ಹೇಳಿದಳು: "ಈ ಮನೇಲಿ ಅದೊಂದೇ ನಂದಾಗಿತ್ತು."

ಹೇಳಿ, ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು.

ಹುಡುಗಿಗೆ ಈ ಮನೆಯಲ್ಲಿ ತನ್ನದು ಎನ್ನುವುದೊಂದಿರಲಿ ಎಂದೇ ಕಾಜಮ್ಮ ಎರಡೂವರೆ ತಿಂಗಳು ಬೆನ್ನು ಬಗ್ಗಿಸಿದ್ದಳು. ಇದ್ದ ಒಂದನ್ನೂ ತಾನೇ ಕತ್ತರಿಸಿ ಹಾಕಿದ್ದಳು, ಅದೂ ನೂಲು ಹಿಡಿದಂತೆ.

"ನಾನು ಫ್ಯಾನ್ ಒರೆಸಬಾರದಿತ್ತು," ಎಂದರು ಕಂಡಕ್ಟರು.

"ವರ್ಷಕ್ಕೊಂದು ಕೆಲಸ ಮಾಡ್ತೀರಿ, ಅದನ್ನೂ ಇವತ್ತೇ ಮಾಡ್ಬೇಕಿತ್ತಾ?" ಎಂದು ರೇಗಿ, ತಪ್ಪು ತನ್ನದೆಂದು ನೆನಪಾಗಿ, ಕಾಜಮ್ಮ ಅವರ ಕೈಯಿಂದ ಜರ್ಸಿ ಈಸಿಕೊಂಡಳು. ಅದನ್ನು ಮತ್ತೆ ತೊಳೆದು, ಇಸ್ತ್ರಿಪೆಟ್ಟಿಗೆ ಒತ್ತಿ ಒಣಗಿಸಿ, ಕತ್ತರಿಸಿದ ಚೌಕವನ್ನು ಅದರ ಜಾಗಕ್ಕೇ ಇಟ್ಟು ನೋಡಿದಳು. ಚೌಕದ ಅಂಚು ಸುರುಳಿ ಸುತ್ತಿ ಚಿಕ್ಕದಾಗಿತ್ತು, ಜರ್ಸಿಯ ತೂತು ಎಳೆದಾಡಿ ದೊಡ್ಡದಾಗಿತ್ತು. ಮೂವತ್ತೆಂಟು ವರ್ಷದ ಕೈ ಒಂದೇ ನೋಟಕ್ಕೆ ಹೇಳಿತು, ಇದು ಇನ್ನು ಕೂಡುವುದಿಲ್ಲ.

ಅಷ್ಟರಲ್ಲಿ ಸೊಸೆ ಕೆಲಸದಿಂದ ಬಂದಳು. ಮಗಳನ್ನು ಮೆಟ್ಟಿಲ ಮೇಲೆ ಮಾತಾಡಿಸಿ ಒಳಗೆ ಬಂದವಳು ಬೈಯಲಿಲ್ಲ. ಡಬ್ಬಿಯಿಂದ ಕನ್ನಡಕ ತೆಗೆದು ಅತ್ತೆಯ ಮೂಗಿನ ಮೇಲೆ ಏರಿಸಿ, ಜರ್ಸಿಯ ಎದೆಯ ಭಾಗ ಎತ್ತಿ ಹಿಡಿದಳು. ಮಸುಕಾದ ಒಂದನೇ ನಂಬರು, ಪಕ್ಕದಲ್ಲಿ ಹಳೆಯ ಶಾಲೆಯ ಗುರುತು, ಎಲ್ಲ ನಿಚ್ಚಳವಾಗಿ ಕಂಡಿತು.

"ಕನ್ನಡಕದಂಗಡಿ ಸೊಸೆ ಇದ್ದೂ ಹೀಗಾಯ್ತಲ್ಲ ಅತ್ತೆ," ಎಂದಳು. ಅವಳ ತುಟಿ ಅಲುಗುತ್ತಿತ್ತು. ನಗುವೋ ಅಳುವೋ ಕಾಜಮ್ಮನಿಗೆ ಕನ್ನಡಕದಲ್ಲೂ ಗೊತ್ತಾಗಲಿಲ್ಲ.

ಕನ್ನಡಕ ತೆಗೆಯದೆ, ಮಂಚದಡಿಯ ಪೆಟ್ಟಿಗೆ ಎಳೆದು, ಕೌದಿಯನ್ನು ಹೊತ್ತುಕೊಂಡು ಕಾಜಮ್ಮ ಮೆಟ್ಟಿಲಿಗೆ ಹೋದಳು. ಹುಡುಗಿಯಿಂದ ಒಂದು ಮೆಟ್ಟಿಲು ಕೆಳಗೆ ಕೂತು ಅದನ್ನು ಬಿಡಿಸಿ ಹರಡಿದಳು. ಗುಟ್ಟು ಅಲ್ಲಿಗೆ ಮುಗಿಯಿತು.

"ಇದು ನಿಂಗೇಂತ ಹೊಲೀತಿದ್ದೆ. ನಡುವಿಗೆ ನಿನ್ನ ಬಟ್ಟೆ ಬೇಕಿತ್ತು. ಕೇಳಿದ್ರೆ ಗುಟ್ಟು ರಟ್ಟಾಗುತ್ತೆ ಅಂತ ಕೇಳ್ಲಿಲ್ಲ. ನಂದೇ ತಪ್ಪು. ಹೊಸ ಜರ್ಸಿ ತರೋಣ ಅಂದ್ರೆ ನೀನು ಒಪ್ಪಲ್ಲ, ಗೊತ್ತು. ನಾನಾಗಿದ್ರೂ ಒಪ್ತಿರ್ಲಿಲ್ಲ."

ಗೋಲಿ ಕೌದಿಯನ್ನು ಮುಟ್ಟಲಿಲ್ಲ. ಕಣ್ಣು ಮಾತ್ರ ಅಂಚಿನಿಂದ ಶುರುವಾಗಿ ಸಾಲು ಸಾಲಾಗಿ ನಡುವಿನ ಖಾಲಿ ಜಾಗದವರೆಗೆ ಹೋಗಿ ನಿಂತಿತು.

ಕಾಜಮ್ಮ ಸೊಂಟದ ಏಪ್ರನ್‌ನ ಜೇಬಿನಿಂದ ಕತ್ತರಿ ತೆಗೆದು ಹುಡುಗಿಯ ಮುಂದೆ ಹಿಡಿದಳು. "ನಿನ್ನ ಅಂಗಿಗೆ ನಾನು ಕತ್ತರಿ ಹಾಕ್ದೆ. ನನ್ನ ಕೌದಿಗೆ ನೀನು ಹಾಕು. ಎಲ್ಲಿ ಬೇಕಾದ್ರೂ ಕತ್ತರಿಸು, ಎಷ್ಟು ಬೇಕಾದ್ರೂ ತಗೋ. ಆ ತೂತಿಗೆ ಕೂಡಿಸಿ ಕೊಡ್ತೀನಿ."

"ಇದು ಹಾಳಾಗತ್ತಲ್ಲ!"

"ಆಗ್ಲಿ."

ಹುಡುಗಿ ಅವಳ ಮುಖ ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕತ್ತರಿ ತೆಗೆದುಕೊಂಡಳು. ಆದರೆ ಕತ್ತರಿಸುವ ಮೊದಲು ಪ್ರತಿ ತುಂಡಿನ ಮೇಲೂ ಬೆರಳಿಟ್ಟು ಇದು ಯಾರದು, ಇದು ಯಾರದು ಎಂದು ಕೇಳಿದಳು. ಕಾಜಮ್ಮ ಹೇಳುತ್ತ ಹೋದಳು. ಸಂಜೆಯ ಬಿಸಿಲು ಮೆಟ್ಟಿಲು ಬಿಟ್ಟು ಗೋಡೆ ಹತ್ತುವವರೆಗೂ ಈ ಕಥೆ ನಡೆಯಿತು. ಕಂಡಕ್ಟರ ಖಾಕಿ ಆಯಿತು, ಅಮ್ಮನ ಬಿಳಿ ಕೋಟು ಆಯಿತು, ಲಿಫ್ಟ್ ಅಂಕಲ್‌ನ ನೀಲಿ ಡಾಂಗರಿ, ಮಗಳ ನೈಟಿಯ ಹೂವು ಆಯಿತು. ನಾಲ್ಕು ತುಂಡುಗಳನ್ನು ಗೋಲಿ ಹೊಲಿಗೆಯ ಉದ್ದಕ್ಕೆ ಜೋಪಾನವಾಗಿ ಬಿಡಿಸಿಕೊಂಡಳು. ಕೌದಿಯಲ್ಲಿ ಒಂದಿದ್ದ ತೂತು ಐದಾಯಿತು.

"ನಿಮ್ದು ಯಾವುದು?" ಎಂದು ಇದ್ದಕ್ಕಿದ್ದಂತೆ ಕೇಳಿದಳು.

"ನಂದಾ? ನಂದಿಲ್ಲ ಇದ್ರಲ್ಲಿ. ದಾರ ನಂದು, ಸಾಲ್ದಾ?"

"ಸಾಲಲ್ಲ. ನೀವೇ ಕತ್ತರಿಸಿದ್ದು, ನಿಮ್ದೇ ಬೇಕು." ಬೆರಳು ನೆಟ್ಟಗೆ ಏಪ್ರನ್ ತೋರಿಸಿತು. "ಅದು."

ಅಂಗಡಿಗೆ ಸೇರಿದ ವರ್ಷ ಮಾಸ್ಟರು ಹೊಲಿದುಕೊಟ್ಟ ಏಪ್ರನ್ ಅದು. ಅದರ ಜೇಬಿನಲ್ಲಿ ಎಷ್ಟು ಲಕ್ಷ ಗುಂಡಿಗಳು ಬಂದು ಹೋಗಿದ್ದವೋ. ಅದಿಲ್ಲದೆ ಸೂಜಿ ಹಿಡಿದರೆ ಅವಳಿಗೆ ಬರಿಮೈಯಲ್ಲಿ ಕೂತಂತಾಗುತ್ತಿತ್ತು. ಮಗಳ ಮಕ್ಕಳಿಗೆ ಕೌದಿ ಹೊಲಿದಾಗಲೂ ಅದಕ್ಕೆ ಕತ್ತರಿ ಹಾಕುವ ಯೋಚನೆ ಬಂದಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಕಾಜಮ್ಮ ಒಂದು ಕ್ಷಣ ಏಪ್ರನ್ ಅನ್ನು ಕೈಯಲ್ಲಿ ಹಿಡಿದು ಕೂತಳು. ಆಮೇಲೆ ಕತ್ತರಿ ಈಸಿಕೊಂಡು ಜೇಬನ್ನು ಹಾಗೇ ಇಡಿಯಾಗಿ ಕತ್ತರಿಸಿದಳು. ಒಳಮೂಲೆಯಿಂದ ಒಂದು ಬಿಳಿ ಗುಂಡಿ ಟಣ್ ಎಂದು ಮೆಟ್ಟಿಲ ಮೇಲೆ ಬಿತ್ತು.

"ತಗೋ. ನಿನ್ನ ಅದೃಷ್ಟ ಒಗೆದು ಹೋಯ್ತು ಅಂದ್ಯಲ್ಲ. ಇದು ಮೂವತ್ತೆಂಟು ವರ್ಷದಲ್ಲಿ ಒಗೆದ್ರೂ ಹೋಗಿಲ್ಲ."

ಹುಡುಗಿ ಗುಂಡಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದಳು. ಮೂಗು ಒರೆಸಿಕೊಂಡು, "ಇದನ್ನ ಎಲ್ಲಿ ಇಟ್ಕೊಳ್ಳೋದು?" ಎಂದಳು.

ಹೀಗಾಗಿ ಆ ಜರ್ಸಿಯ ಬೆನ್ನಿಗೆ ಜೇಬು ಬಂತು. ನಾಲ್ಕು ಕಡೆ ನಾಲ್ವರ ಬಟ್ಟೆ, ನಡುವೆ ಕಾಜಮ್ಮನ ಜೇಬು. ಜೇಬಿನ ಬಾಯಿಗೆ ಮುಚ್ಚಳ ಇಟ್ಟು, ಅದಕ್ಕೊಂದು ಕಾಜಾ ಹೊಲಿದು, ಅದೇ ಬಿಳಿ ಗುಂಡಿಯನ್ನು ಕೂಡಿಸಿದಳು, ಅದೃಷ್ಟ ಬಿದ್ದುಹೋಗದಂತೆ. ಮನೆಮಂದಿಯೆಲ್ಲ ಸುತ್ತ ಕೂತಿದ್ದರು. ಜರ್ಸಿ ಯಾರದೋ ಅವರೂ ಹೊಲಿಗೆ ಹಾಕಬೇಕು ಎಂದು ಕಾಜಮ್ಮ ಸೂಜಿ ಕೊಟ್ಟಾಗ ಗೋಲಿ ನಾಲಿಗೆ ಕಚ್ಚಿಕೊಂಡು ಒಂದು ಪೂರ್ತಿ ಸಾಲು ಹಾಕಿದಳು. ಸಾಲು ಏರಿ ಇಳಿದು ಎಲ್ಲೆಲ್ಲೋ ಹೋಗಿ ಬಂತು.

"ನನ್ನ ರೂಟ್‌ಗಿಂತ ಪರವಾಗಿಲ್ಲ," ಎಂದರು ಕಂಡಕ್ಟರು. ಗೋಲಿ ನಕ್ಕುಬಿಟ್ಟಳು. ಆ ಮನೆಯಲ್ಲಿ ಅವಳು ಹಾಗೆ ಬಾಯಿ ತುಂಬ ನಕ್ಕದ್ದು ಅದೇ ಮೊದಲು.

ನಕ್ಕಾದ ಮೇಲೆ ಕೌದಿಯ ಐದು ತೂತುಗಳನ್ನು ನೋಡಿದಳು. ಏನೋ ಲೆಕ್ಕ ಹಾಕಿದಳು. ಜರ್ಸಿಯ ತೋಳುಗಳನ್ನು ಚಾಚಿ, "ಇದು ಉದ್ದ ಆಗತ್ತೆ. ಬಾಲ್ ಹಿಡಿಯೋವಾಗ ಕೈಗೆ ಅಡ್ಡ ಬರತ್ತೆ," ಎಂದು, ಯಾರೂ ಕೇಳದಿದ್ದರೂ, ಎರಡೂ ತೋಳುಗಳನ್ನು ಮಣಿಕಟ್ಟಿನ ಹತ್ತಿರ ತಾನೇ ಕತ್ತರಿಸಿದಳು. ಸೀಳಿ ಬಿಡಿಸಿದರೆ ನಾಲ್ಕು ಹಸಿರು ತುಂಡುಗಳಾದವು. ಕಾಜಮ್ಮ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಶನಿವಾರ ಬೆಳಿಗ್ಗೆ ಮಗಳು ಮಕ್ಕಳೊಂದಿಗೆ ಬಸ್ಸಿಳಿದು ನೇರ ಶಾಲೆಯ ಮೈದಾನಕ್ಕೇ ಬಂದಳು. ಇಬ್ಬರು ಮಕ್ಕಳೂ ಕೌದಿಯ ಸುರುಳಿಗಳ ಮೇಲೆ ಗೋಲಿನ ಹಿಂದೆ ಕೂತರು. ಪಕ್ಕದಲ್ಲಿ ಕಾಜಮ್ಮ ಕನ್ನಡಕ ಹಾಕಿಕೊಂಡು, ಹೊಸ ಕೌದಿಯನ್ನು ಮಡಿಲ ತುಂಬ ಹರಡಿಕೊಂಡು, ನಡುವಿನ ಚೌಕ ಕೂಡಿಸುತ್ತಿದ್ದಳು. ಸುತ್ತಲಿನ ನಾಲ್ಕು ಹಸಿರು ತುಂಡುಗಳಿಗೆ ಬೆಳಗಿನೊಳಗೆ ಜಾಗ ಸಿಕ್ಕಿತ್ತು.

ಆಟ ಶುರುವಾಗಿ ಐದು ನಿಮಿಷಕ್ಕೇ ಗೋಲಿಯ ಕಾಲಸಂದಿಯಲ್ಲಿ ಚೆಂಡು ನುಗ್ಗಿತು. "ನನ್ನ ಸೋಪು ಮಾಡಿದ ಕೆಲಸ," ಎಂದು ಕಾಜಮ್ಮ ಕೌದಿಯಲ್ಲಿ ಮುಖ ಮುಚ್ಚಿಕೊಂಡಳು. ಗೋಲಿ ಎದ್ದು, ಬೆನ್ನಿಗೆ ಕೈ ಹಾಕಿ ಗುಂಡಿ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು. ಅಲ್ಲಿಂದ ಮುಂದೆ ಒಂದನ್ನೂ ಬಿಡಲಿಲ್ಲ. ಹಾರಿ ಹಿಡಿದಳು, ಬಿದ್ದು ಹಿಡಿದಳು, ಒಂದನ್ನಂತೂ ಮೂಗಿನಿಂದಲೇ ತಡೆದಳು. ಅರ್ಧ ಆಟ ಕಳೆದು ಬದಿ ಬದಲಾದಾಗ ಇವರೂ ಎದ್ದು ಅವಳ ಹಿಂದೆಯೇ ಹೋಗಿ ಕೂತರು. ಆಮೇಲೆ ಅವಳ ತಂಡದವರೂ ಒಂದು ಗೋಲು ಹೊಡೆದು ಸಮ ಮಾಡಿದರು.

ಚೆಂಡು ಆ ತುದಿಯಲ್ಲಿದ್ದಾಗ ಮಗಳ ದೊಡ್ಡ ಹುಡುಗಿ ಕೂಗಿ ಕೇಳಿದಳು, "ಏ, ನಿನ್ನ ಬೆನ್ನ ಮೇಲೆ ಏನೇ ಅದು?"

ಗೋಲಿ ಕಣ್ಣನ್ನು ಚೆಂಡಿನ ಮೇಲೇ ಇಟ್ಟು, ಮಂಡಿಯ ಮೇಲೆ ಕೈಯೂರಿ, ಬೆನ್ನು ತೋರಿಸಿಕೊಂಡೇ ಒಪ್ಪಿಸಿದಳು. "ಖಾಕಿ ತಾತಂದು. ಬಿಳಿ ಅಮ್ಮಂದು. ನೀಲಿ ಲಿಫ್ಟ್ ಅಂಕಲ್‌ದು. ಹೂವು ನಿಮ್ಮಮ್ಮಂದು."

"ಜೇಬು?"

"ಅದು ಇವರದು." ಗಲ್ಲ ಮಾತ್ರ ಕಾಜಮ್ಮನ ಕಡೆ ತಿರುಗಿತು.

ಇಬ್ಬರು ಮಕ್ಕಳೂ ಕೂತಿದ್ದಲ್ಲಿಂದ ಎದ್ದು ತಮ್ಮ ಕೌದಿಗಳನ್ನು ಬಿಡಿಸಿ ಅಂಚಿನಿಂದ ನಡುವಿನವರೆಗೆ ಹುಡುಕಿದರು. "ನಮ್ದ್ರಲ್ಲಿ ನಿಮ್ದು ಇಲ್ವೇ ಇಲ್ಲ! ಇಷ್ಟು ವರ್ಷ ಹೇಳೇ ಇಲ್ಲ! ನಮಗೂ ಜೇಬು ಬೇಕು!" ಎಂದು ಎರಡೂ ಕಡೆಯಿಂದ ಕಾಜಮ್ಮನ ತೋಳು ಜಗ್ಗತೊಡಗಿದರು. "ಇದ್ದದ್ದು ಒಂದೇ ಜೇಬು ಕಣ್ರೇ," ಎಂದಳು ಅವಳು. ಗೋಲಿಯ ಬೆನ್ನು ಸ್ವಲ್ಪ ನೆಟ್ಟಗಾದದ್ದನ್ನು ಕನ್ನಡಕ ಸ್ಪಷ್ಟವಾಗಿ ತೋರಿಸಿತು.

ಇನ್ನು ಎರಡು ನಿಮಿಷ ಇದ್ದಾಗ ಎದುರಿನವರು ಒದ್ದ ಚೆಂಡು ಕಂಬದ ಪಕ್ಕದಿಂದ ಹೊರಗೆ ಹಾರಿ, ಒಂದು ಸಲ ಕೆಸರಲ್ಲಿ ಪುಟಿದು, ನೇರ ಕಾಜಮ್ಮನ ಮಡಿಲಲ್ಲಿ, ಕೌದಿಯ ನಟ್ಟನಡುವಿನ ಆ ಹಸಿರು ಚೌಕದ ಮೇಲೆ ಬಂದು ಕೂತಿತು. ಹೊಸ ಕೌದಿಯ ಮೇಲೆ ದುಂಡಗೆ ಕೆಸರು. ಗೋಲಿ ಓಡಿ ಬಂದಳು. ಹೊತ್ತು ಮೀರುತ್ತಿತ್ತು, ರೆಫರಿ ಗಡಿಯಾರ ನೋಡುತ್ತಿದ್ದರು, ಹತ್ತಿರ ಬಂದು ನಿಂತು ಕೆಮ್ಮುವುದಕ್ಕೆ ಪುರುಸೊತ್ತು ಎಲ್ಲಿ?

"ಅಜ್ಜೀ, ಬಾಲು!"

ಕಾಜಮ್ಮ ಚೆಂಡನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತೇ ಇದ್ದಳು.

"ಅಜ್ಜೀ, ಕೊಡಿ!"

"ಕೊಡೇ, ರೈಟ್ ರೈಟ್!" ಎಂದು ಕಂಡಕ್ಟರು ಮೈದಾನದ ಆಚೆಯಿಂದ ಕೂಗಿದರು. ಮಗ ಕೂಗಿದ, ಸೊಸೆ ಕೂಗಿದಳು, ರೆಫರಿ ಸೀಟಿ ಊದಿದರು. ಕಾಜಮ್ಮ ಅಲುಗಲಿಲ್ಲ.

"ಅಯ್ಯೋ ಅಜ್ಜೀ, ಬೇಗ ಕೊಡೀ ಅಜ್ಜೀ!"

ಆಗ ಎಸೆದಳು. ಮುದುಕಿಗೆ ಕಿವಿ ಮಂದ ಎಂದು ಅಲ್ಲಿದ್ದವರೆಲ್ಲ ತಿಳಿದರು. ಅವಳಿಗೆ ಮೊದಲನೆಯ ಸಲವೇ ಕೇಳಿಸಿತ್ತು.